ಕುಣಿಮಗ್ಗದ ಸಪ್ಪಳವೂ ತಮ್ಮನ ಕಣ್ಣೂ

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿದ್ದ ಕುಣಿಮಗ್ಗವನ್ನು ಮುಚ್ಚಬೇಕೋ ಬೇಡವೋ ಎಂಬ ವಾದ ಎರಡು ವರ್ಷ ನಡೆಯಿತು. ಮುಚ್ಚಬೇಕು ಎಂದವನು ನನ್ನ ತಮ್ಮನ ಮಗ. ಕೂಡದು ಎಂದವನು ನಾನು. ಮಗ್ಗದ ಒಡೆಯನಾದ ತಮ್ಮ ಅದೇ ಪಡಸಾಲೆಯಲ್ಲಿ, ಮಗ್ಗದಿಂದ ನಾಲ್ಕು ಮೊಳ ದೂರದ ಮಂಚದ ಮೇಲೆ, ಎಲ್ಲವನ್ನೂ ಕೇಳುತ್ತ ಮಲಗಿದ್ದ. ಅವನ ಕೈಕಾಲು ಆಡುತ್ತಿರಲಿಲ್ಲ, ನಾಲಿಗೆ ಹೊರಳುತ್ತಿರಲಿಲ್ಲ. ಆಡುತ್ತಿದ್ದುದು ರೆಪ್ಪೆ ಮತ್ತು ಕಣ್ಣು ಮಾತ್ರ; ಕಣ್ಣೂ ಮೇಲಕ್ಕೆ ಮತ್ತು ಕೆಳಕ್ಕೆ ಅಷ್ಟೆ. ಅವನ ಹೆಂಡತಿ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದಳು. ವಾದ ಅವಳ ತಲೆಯ ಮೇಲಿಂದ ಹಾದುಹೋಗುತ್ತಿತ್ತು.

ಅವನು ಬಿದ್ದದ್ದು ಎರಡು ಸಾವಿರದ ಇಸವಿ ದಾಟಿದ ಒಂದೆರಡು ವರ್ಷಕ್ಕೆ. ಸೆರಗಿಗೆ ಕೊಂಡಿ ಹಾಕುತ್ತಿದ್ದನಂತೆ. ನಮ್ಮೂರ ಸೀರೆಯ ಒಡಲಿನ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕುಣಿಕೆ ಮಾಡಿ ಸಿಕ್ಕಿಸುತ್ತ ಎರಡನ್ನೂ ಕೂಡಿಸುವ ಕೆಲಸಕ್ಕೆ ಕೊಂಡಿ ಎನ್ನುತ್ತಾರೆ. ಅರ್ಧ ಎಳೆಗಳು ಕೂಡಿದ್ದವು, ಅರ್ಧ ಉಳಿದಿದ್ದವು. ಅವನು ಹಾಸಿನ ಮೇಲೆಯೇ ಬಗ್ಗಿದ. ಎಳೆ ಹುಡುಕುತ್ತಿರಬೇಕೆಂದು ಮನೆಯವರು ಬಹಳ ಹೊತ್ತು ಸುಮ್ಮನಿದ್ದರು. ಮಿದುಳಿನ ಬುಡಕ್ಕೆ ರಕ್ತ ಹೋಗುವ ದಾರಿ ಕಟ್ಟಿಹೋಗಿದೆ ಎಂದು ಆಮೇಲೆ ತಿಳಿಯಿತು. ದೂರದ ಊರಿನ ಒಂದು ದವಾಖಾನೆಯಲ್ಲಿ ತಿಂಗಳೊಪ್ಪತ್ತು ಇಟ್ಟುಕೊಂಡು, ಉಸಿರೊಂದು ಉಳಿದಿದೆ, ಅರಿವು ಉಳಿದಿಲ್ಲ ಎಂದು ಹೇಳಿ ಕಳುಹಿಸಿದರು.

ಆ ಮಾತನ್ನು ಎಲ್ಲರೂ ನಂಬಿದರು. ನಂಬಿದವರೇ ಇನ್ನೊಂದನ್ನೂ ನಂಬಿದರು: ಓಣಿಯ ಹೆಂಗಸರು ಮಹಾಕೂಟದ ಹೊಂಡದಿಂದ ನೀರು ತಂದು ಚಿಮುಕಿಸಿದಾಗ ಅವನು ನಕ್ಕನಂತೆ. ಅರಿವಿಲ್ಲದವನು ನಗುವುದು ಹೇಗೆ ಎಂದು ನಾನು ಕೇಳಿದರೆ ಎಲ್ಲರಿಗೂ ಸಿಟ್ಟು ಬಂತೇ ಹೊರತು ಉತ್ತರ ಬರಲಿಲ್ಲ.

ನಾನು ಹುನಗುಂದದ ಕೋರ್ಟಿನ ಎದುರು, ಬೇವಿನ ಗಿಡದ ಕೆಳಗೆ, ಮೂವತ್ತು ವರ್ಷಕ್ಕೂ ಮಿಕ್ಕಿ ಅರ್ಜಿ ಬರೆದವನು. ಸಾಲೆ ಕಲಿತದ್ದು ನಾಲ್ಕು ಇಯತ್ತೆ. ಉಳಿದುದನ್ನು ಕಾಗದಗಳೇ ಕಲಿಸಿದವು. ಒಂದೇ ಹೊಡೆದಾಟವನ್ನು ಮೂವರು ಮೂರು ಬಗೆಯಾಗಿ ಹೇಳಿ ಮೂವರೂ ದೇವರಾಣೆ ಹಾಕಿದ್ದನ್ನು ನನ್ನ ಕೈಯಾರೆ ಬರೆದಿದ್ದೇನೆ. ಎಚ್ಚರವಿಲ್ಲದ ಮುದುಕಿಯ ಹೆಬ್ಬೆರಳನ್ನು ಹಿಡಿದು ಮಸಿಯಲ್ಲಿ ಅದ್ದುವವರನ್ನು ಕಂಡು ಎದ್ದುಹೋಗಿದ್ದೇನೆ. ಹಾಗಾಗಿ ಯಾರು ಏನು ಹೇಳಿದರೂ, ಹೇಳಿದವನು ಎಲ್ಲಿ ನಿಂತು ನೋಡಿದ ಎಂದು ಕೇಳುವುದು ನನಗೆ ಚಟವಾಗಿತ್ತು. ಇದರಿಂದ ನನಗೆ ಗೆಳೆಯರು ಕಡಿಮೆ.

ವಾರಕ್ಕೊಮ್ಮೆ, ಕೋರ್ಟಿಗೆ ಸೂಟಿಯಿದ್ದ ದಿನ, ಬಸ್ಸು ಹತ್ತಿ ಇಳಕಲ್ಲಿಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂಡುತ್ತಿದ್ದೆ. ತಮ್ಮನ ಹೆಂಡತಿ ಅಷ್ಟರಲ್ಲಿ ಮಗ್ಗಕ್ಕೆ ಇಳಿದಿದ್ದಳು. ಮೊದಲೆಲ್ಲ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟವಳು, ಈಗ ಲಾಳಿ ಹೊಡೆಯುತ್ತಿದ್ದಳು. ಒಂದು ದಿನ ಅವನ ಮುಖವನ್ನೇ ನೋಡುತ್ತ ಕೂತಿದ್ದಾಗ, ಅವನ ಕಣ್ಣು ಗಟ್ಟಿಯಾಗಿ ಮುಚ್ಚಿದವು. ಮರುಗಳಿಗೆಗೆ ನನ್ನ ಬೆನ್ನ ಹಿಂದೆ ಮಗ್ಗದ ಸಪ್ಪಳ ತಪ್ಪಿತು, ಎಳೆ ಹರಿದಿತ್ತು. ಅವಳು ಎಳೆ ಕೂಡಿಸಿ ಮತ್ತೆ ಶುರು ಮಾಡಿದಳು. ಕಣ್ಣು ತೆರೆದವು. ಸ್ವಲ್ಪ ಹೊತ್ತಿಗೆ ಮತ್ತೆ ಮುಚ್ಚಿದವು. ಮತ್ತೆ ಎಳೆ ಹರಿಯಿತು.

ಮುಂದಿನ ವಾರ ಒಂದು ನೋಟುಬುಕ್ಕು ಒಯ್ದೆ. ಕೆಂಪು ಶಾಯಿಯಿಂದ ನಾಲ್ಕು ಕಾಲಂ ಗೆರೆ ಎಳೆದೆ: ದಿನ, ಹೊತ್ತು, ಎಳೆ ಹರಿದದ್ದು, ಕಣ್ಣು. ನಾಲ್ಕು ತಿಂಗಳು ಬರೆದೆ. ಕಣ್ಣು ಮುಚ್ಚುವುದು ಎಳೆ ಹರಿಯುವುದಕ್ಕಿಂತ ಮೊದಲೇ ಆಗುತ್ತಿತ್ತು. ಇದರ ಅರ್ಥ ನನಗೆ ಹಗಲಿನಷ್ಟು ಸ್ಪಷ್ಟವಿತ್ತು. ನಲವತ್ತು ವರ್ಷ ಮಗ್ಗ ಆಡಿದವನ ಕಿವಿ ತಪ್ಪನ್ನು ಆಗುವ ಮುಂಚೆಯೇ ಹಿಡಿಯುತ್ತಿದೆ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅಂಥ ಒಂದು ದಿನ ಹೋದಾಗ ಅವನು ಮಧ್ಯಾಹ್ನವೆಲ್ಲ ನಿದ್ದೆಯಲ್ಲಿದ್ದ. ‘ಸಪ್ಪಳವಿಲ್ಲ, ಬೇಸರದಿಂದ ಮಲಗಿದ್ದಾನೆ’ ಎಂದು ಬರೆದುಕೊಂಡೆ.

ಆ ಪುಸ್ತಕವನ್ನು ಬಾಗಲಕೋಟೆಯ ನರರೋಗದ ಡಾಕ್ಟರೊಬ್ಬರ ಮೇಜಿನ ಮೇಲೆ ಇಟ್ಟೆ. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಪುಸ್ತಕ ನೋಡಿದರು, ಆಮೇಲೆ ತಮ್ಮನನ್ನು ಕರೆತರಲು ಹೇಳಿದರು. ಜೀಪಿನಲ್ಲಿ ಹಾಸಿಗೆಸಮೇತ ಒಯ್ದೆವು. ಅವರು ಅವನ ಮುಖದ ಹತ್ತಿರ ಬಗ್ಗಿ, ಮೇಲೆ ನೋಡು, ಕೆಳಗೆ ನೋಡು ಎಂದರು. ಅವನು ನೋಡಿದ.

“ನಿಮ್ಮ ತಮ್ಮ ಪೂರಾ ಎಚ್ಚರ ಅದಾನ್ರಿ,” ಎಂದರು. “ಇಷ್ಟು ದಿವಸ ನೀವು ಅವನ ಮುಂದ ಏನೇನು ಮಾತಾಡೀರಿ, ಎಲ್ಲಾ ಕೇಳ್ಯಾನ.”

ಅಂದು ಜೀಪಿನಲ್ಲಿ ಹಿಂದಿರುಗುವಾಗ ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾನು ಮಾತ್ರ ಗೆದ್ದವನಂತೆ ಕೂತಿದ್ದೆ. ಮನೆಗೆ ಬಂದೊಡನೆ ಎಲ್ಲರಿಗೂ ಕೇಳುವಂತೆ ಹೇಳಿದೆ: “ಅವನ ಜೀವ ಈ ಮಗ್ಗದ ಸಪ್ಪಳದಾಗ ಐತಿ. ಇದು ನಿಲ್ಲಬಾರದು.” ಅದೇ ಮಾತು ಓಣಿಯಲ್ಲಿ ಹಬ್ಬಿತು. ಬಂದವರೆಲ್ಲ ಅವಳಿಗೆ ಹೇಳಿಹೋಗತೊಡಗಿದರು: ನಿಲ್ಲಿಸಬೇಡವ್ವ, ನೇಯಿ.

ತಮ್ಮನ ಮಗನಿಗೆ ಆಗ ಮೂವತ್ತು ದಾಟಿತ್ತು. ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಕುಣಿ ಮುಚ್ಚಿ, ಗಚ್ಚು ಹಾಕಿ, ಹಿತ್ತಲಿನಲ್ಲಿ ಎರಡು ಪವರ್‌ಲೂಮ್ ಕೂಡಿಸಬೇಕು, ಪಡಸಾಲೆ ಅಪ್ಪನಿಗೆ ಬಿಡಬೇಕು ಎಂಬುದು ಅವನ ಲೆಕ್ಕ. “ಅವ್ವಗೂ ವಯಸ್ಸಾತು ದೊಡ್ಡಪ್ಪ,” ಎಂದು ಒಮ್ಮೆ ಹೇಳಿದ. ನೆವ ಎಂದುಕೊಂಡೆ. ಆ ಕುಣಿಯನ್ನು ತೋಡಿದವನು ನಮ್ಮ ಅಪ್ಪ. ಅದರಲ್ಲಿ ಕೂತು ನೇಯಲು ಬಾರದೆ, ಹದಿನಾರನೆಯ ವಯಸ್ಸಿಗೆ ಹುನಗುಂದದ ಬಸ್ಸು ಹತ್ತಿದವನು ನಾನು. ಓಡಿಹೋದವನಿಗೆ ಬಿಟ್ಟುಹೋದ ವಸ್ತು ಇದ್ದಲ್ಲಿಯೇ ಇರಬೇಕೆಂಬ ಹಟ ಹೆಚ್ಚು. ಇದನ್ನು ಈಗ ಬರೆಯಬಲ್ಲೆ. ಆಗ ನನಗೆ ತಿಳಿದಿರಲಿಲ್ಲ.

ಈ ನಡುವೆ ಹುನಗುಂದದ ವಾಚನಾಲಯದಲ್ಲಿ ಒಂದು ಸುದ್ದಿ ಓದಿದೆ. ಪರದೇಶವೊಂದರಲ್ಲಿ, ಕುತ್ತಿಗೆಯಿಂದ ಕೆಳಗೆ ಏನೂ ಆಡದವನ ಮಿದುಳಿನ ಮೇಲೆ ಗುಳಿಗೆಯಷ್ಟು ದೊಡ್ಡ ತುಣುಕೊಂದನ್ನು ಕೂಡಿಸಿದ್ದಾರೆ. ಅದರಿಂದ ತಂತಿ ಕಂಪ್ಯೂಟರಿಗೆ ಹೋಗಿದೆ. ಅವನು ಬರೀ ವಿಚಾರ ಮಾಡಿದರೆ ಪರದೆಯ ಮೇಲಿನ ಬಾಣದ ಗುರುತು ಚಲಿಸುತ್ತದೆ, ಪರದೆಗೇ ಬಂದ ಕಾಗದವನ್ನು ಅವನು ತೆರೆದು ಓದುತ್ತಾನೆ. ಸುದ್ದಿಯನ್ನು ಕೈಯಿಂದ ನಕಲು ಮಾಡಿಕೊಂಡು ಬಾಗಲಕೋಟೆಗೆ ಹೋದೆ.

“ಡಾಕ್ಟರ್ರ, ಇದು ಖರೇನೋ, ಸುಳ್ಳೋ?”

“ಖರೇ ಇರಬೇಕ್ರಿ. ಮಿದುಳಿನ್ಯಾಗ ಸಣ್ಣ ಕರೆಂಟ್ ಇರ್ತದಲ್ಲ, ಅದನ್ನ ಹಿಡಿದು ಯಂತ್ರಕ್ಕ ಕೊಡ್ತಾರ.”

“ಹಿಡಿದ್ರ ಆತೇನ್ರಿ? ಅದರ ಅರ್ಥ ಯಾರು ಹೇಳೋರು?”

“ಮೊದಲು ಅವಂಗ ‘ಎಡಕ್ಕ ಅಂತ ವಿಚಾರ ಮಾಡು’ ಅಂತಾರ. ಆವಾಗ ಒಳಗ ಏನಾಗ್ತದೋ ಅದನ್ನ ಯಂತ್ರ ಗುರ್ತು ಇಟ್ಟುಕೊಳ್ತದ. ಆಮ್ಯಾಲ ಬಲಕ್ಕ ಅಂತಾರ. ಹಿಂಗ ಕಲಿಸ್ಕೋತ ಹೋಗೋದು.”

“ಎಡಕ್ಕ ಅನ್ನೋ ಹೊತ್ತಿಗೆ ಅವ ಹೆಂಡ್ತಿ ಮಾಡೋ ಚಹಾದ ವಿಚಾರ ಮಾಡಿದ್ರ? ಯಂತ್ರ ಚಹಾಕ್ಕ ಎಡಕ್ಕ ಅಂತ ಬರಕೊಳ್ತದೇನು?”

ಡಾಕ್ಟರು ನಕ್ಕರು. ಹೊರಗೆ ರೋಗಿಗಳು ಬಹಳ ಜನ ಕಾದಿದ್ದರು, ನಗುವಿನಲ್ಲಿಯೂ ದಣಿವಿತ್ತು. “ಅದಕ್ಕ ಒಮ್ಮೆ ಅಲ್ಲ, ನೂರು ಸಲ ಕೇಳ್ತಾರ್ರಿ. ನಿಮ್ಮ ತಮ್ಮಗ ಆ ತಂತಿ ಯಾಕ ಬೇಕು? ಕಣ್ಣು ಇನ್ನೂ ಅವನ ಮಾತು ಕೇಳ್ತಾವ. ಮ್ಯಾಲ ನೋಡಿದ್ರ ಹೌದು, ಕೆಳಗ ನೋಡಿದ್ರ ಅಲ್ಲ. ಅಕ್ಷರದ ಹಲಗಿ ಮಾಡಿ ಕೇಳ್ರಿ. ಭಾಳ ತಡ ಆಗ್ತದ. ತಡ ಆದ್ರೂ ಕೇಳ್ರಿ.”

ನಾನು ಹಲಗೆ ಮಾಡುವ ಮೊದಲೇ ತಮ್ಮನ ಮಗ ಅವಸರ ಮಾಡಿದ. ಆ ವಾರ ನಾನು ಹೋದಾಗ, ನನ್ನೆದುರೇ ಮಂಚದ ಮೇಲೆ ಬಗ್ಗಿ ಕೇಳಿದ:

“ಅಪ್ಪಾ, ಕುಣಿ ಮುಚ್ಚಿಬಿಡೂಣೇನು?”

ತಮ್ಮನ ಕಣ್ಣು ಮೇಲಕ್ಕೆ ಹೋದವು.

“ನೋಡ್ರಿ ದೊಡ್ಡಪ್ಪ. ಹೌದಂದ.”

“ಹೌದಂದಿಲ್ಲ. ನೀ ಅನ್ನಿಸಿದಿ. ಸಾಕ್ಷಿದಾರನ ಬಾಯಾಗ ಮಾತಿಟ್ಟು ಕೇಳಿದ್ರ ಅದು ಸಾಕ್ಷಿ ಅಲ್ಲ.”

“ಮ್ಯಾಲ ನೋಡಿದ್ದು ನೀವೂ ಕಂಡ್ರಿಲ್ಲೋ?”

“ಮ್ಯಾಲ ಜಂತಿಮ್ಯಾಗ ಹಲ್ಲಿ ಇತ್ತು.”

ಮಗ್ಗದಿಂದ ಅವಳ ದನಿ ಬಂತು. “ಹಲ್ಲಿ ಏನ್ ಪಾಪ ಮಾಡೇತ್ರಿ ಭಾವಾರ, ಅದನ್ನೂ ಕೋರ್ಟಿಗೆ ಎಳಿತೀರಿ?”

ತಮ್ಮನ ಮಗ, ನನಗೆ ಅವನಿನ್ನೂ ಹುಡುಗನೇ, ನಕ್ಕ; ನಾನು ನಗಲಿಲ್ಲ. ಪ್ರಶ್ನೆಯನ್ನು ತಿರುಗಿಸಿ, “ಕುಣಿ ಹಂಗ ಇರಲೇನೋ?” ಎಂದು ಕೇಳಿದೆ. ತಮ್ಮ ಕಣ್ಣು ಮುಚ್ಚಿಕೊಂಡ, ಮತ್ತೆ ತೆರೆಯಲಿಲ್ಲ. ‘ಉತ್ತರ ಸ್ಪಷ್ಟವಿಲ್ಲ’ ಎಂದು ಪುಸ್ತಕದಲ್ಲಿ ಬರೆದೆ. ಹೌದು-ಅಲ್ಲ ಎಂಬ ಪ್ರಶ್ನೆಗಳನ್ನು ಇನ್ನು ಯಾರೂ ಕೇಳಬಾರದು, ಅವನು ತನ್ನ ಮಾತನ್ನು ತಾನೇ ಅಕ್ಷರ ಅಕ್ಷರವಾಗಿ ಹೇಳಬೇಕು, ಅದು ಏನೇ ಇರಲಿ ಇಬ್ಬರೂ ಒಪ್ಪಬೇಕು ಎಂದು ಕರಾರು ಮಾಡಿದೆ. ತಮ್ಮನ ಮಗ ಒಪ್ಪಿದ. ಅವನಿಗೂ ಸಾಕಾಗಿತ್ತು.

ಹಲಗೆಯ ಮೇಲೆ ಅಕ್ಷರಗಳನ್ನು ಸಾಲಾಗಿ ಬರೆದೆ. ಒಬ್ಬ ಸಾಲುಗಳನ್ನು ಕೂಗಬೇಕು: ಸ್ವರದ ಸಾಲು, ‘ಕ’ ಸಾಲು, ‘ಚ’ ಸಾಲು. ಬೇಕಾದ ಸಾಲಿಗೆ ಅವನು ಕಣ್ಣು ಮೇಲೆತ್ತುತ್ತಾನೆ. ಆ ಸಾಲಿನ ಅಕ್ಷರಗಳನ್ನು ಕೂಗಬೇಕು, ಮತ್ತೆ ಎತ್ತುತ್ತಾನೆ. ಆಮೇಲೆ ಆ ಅಕ್ಷರದ ಕಾಗುಣಿತವನ್ನು ಸಾಲೆಯ ಮಕ್ಕಳಂತೆ ಒಪ್ಪಿಸಬೇಕು. ಮೂರನೆಯ ಸಲ ಎತ್ತುತ್ತಾನೆ. ಒತ್ತಕ್ಷರ ಬಿಟ್ಟರೂ ನಡೆಯುತ್ತದೆ ಎಂದು ಅವನಿಗೆ ಹೇಳಿದೆ. ನನ್ನಂತೆಯೇ ನಾಲ್ಕು ಇಯತ್ತೆ ಕಲಿತವನು. ಒಂದು ಅಕ್ಷರಕ್ಕೆ ಒಂದು ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ಹಿಡಿಯುತ್ತಿತ್ತು. ನಡುವೆ ಅವನು ದಣಿಯುತ್ತಿದ್ದ, ಕೂಗುವವರೂ ದಣಿಯುತ್ತಿದ್ದರು, ತಪ್ಪಿದರೆ ಮೊದಲಿನಿಂದ. ಒಂದು ಮಾತೂ ಪೂರ್ತಿ ಕೂಡದೆ ತಿಂಗಳುಗಟ್ಟಲೆ ಬರೀ ರೂಢಿ ಮಾಡುವುದೇ ಆಯಿತು.

ಮಾತು ಅವನದೇ ಎಂದು ಗೊತ್ತಾಗುವುದು ಹೇಗೆ? ಅದಕ್ಕೂ ಪರೀಕ್ಷೆ ಇಟ್ಟೆ. ನಾನು ಮಗ್ಗ ಆಡಲು ಬಾರದೆ ಒದ್ದಾಡುವಾಗ ಅಪ್ಪ ನನ್ನನ್ನು ಏನೆಂದು ಬೈಯುತ್ತಿದ್ದ ಎಂದು ತಮ್ಮನನ್ನು ಕೇಳಿ, ಕೂಗುವ ಕೆಲಸವನ್ನು ಅವನ ಮಗನಿಗೆ ಕೊಟ್ಟೆ. ಅದು ಹುಡುಗನಿಗೆ ಗೊತ್ತಿರಲಿಲ್ಲ. ಅರ್ಧ ಮಧ್ಯಾಹ್ನ ಕಳೆದ ಮೇಲೆ ಹಾಳೆಯ ಮೇಲೆ ನಾಲ್ಕು ಅಕ್ಷರ ಕೂಡಿದವು: ಸೊಟಗಾಲ. ಹುಡುಗ ಓದಿ ನನ್ನ ಪಾದಗಳನ್ನು ನೋಡಿದ.

“ಅಜ್ಜ ಸರಿಯಾಗೇ ಹೆಸರಿಟ್ಟಿದ್ದ ಬಿಡ್ರಿ,” ಎಂದ.

ನನಗೆ ಸಿಟ್ಟು ಬರಬೇಕಿತ್ತು; ಬದಲು ಆ ನಾಲ್ಕು ಅಕ್ಷರಗಳನ್ನು ಮತ್ತೊಮ್ಮೆ ಓದಿದೆ. ಒಳಗಿದ್ದವನು ನನ್ನ ತಮ್ಮನೇ. ಆ ಬೈಗುಳಕ್ಕೆ ಇನ್ನೊಬ್ಬ ಸಾಕ್ಷಿ ಭೂಮಿಯ ಮೇಲೆ ಉಳಿದಿರಲಿಲ್ಲ.

ಮುಂದಿನ ವಾರ ಬಾಯಿಗೆ ಮಾತಿಡದ ಪ್ರಶ್ನೆ ಕೇಳಿದೆ. “ನಿನಗ ಏನು ಹೇಳೋದೈತಿ? ಏನರ ಇರಲಿ, ಹೇಳು.” ಹುಡುಗ ಕೂಗಿದ, ನಾನು ಬರೆದೆ. ‘ಕಾಲು’ ಎಂದು ಬಂತು. ಅಷ್ಟಕ್ಕೇ ಅವನು ಸೋತು ಕಣ್ಣು ಮುಚ್ಚಿದ. ಹೊದಿಕೆ ತೆಗೆದು ಅವನ ಕಾಲು ನೋಡಿದೆವು, ಹುಣ್ಣೇನೂ ಇರಲಿಲ್ಲ. ನೋಯುತ್ತಿರಬೇಕೆಂದು ಎಣ್ಣೆ ಕಾಯಿಸಿ ತಿಕ್ಕಲು ಹೇಳಿದೆ. ತಮ್ಮನ ಹೆಂಡತಿ ಮಗ್ಗ ಬಿಟ್ಟು ಬಂದು ನೆಲದ ಮೇಲೆ ಕೂತು ತಿಕ್ಕಿದಳು. ಅವನು ಕಣ್ಣು ತೆರೆದು ಕೆಳಕ್ಕೆ, ಮತ್ತೆ ಕೆಳಕ್ಕೆ ನೋಡಿದ. ಅಲ್ಲ, ಅಲ್ಲ.

“ಬರೋಬ್ಬರಿ ತಿಕ್ಕವ್ವ ತಂಗಿ, ಸಮಾಧಾನ ಆಗವಲ್ದು ಅವಂಗ,” ಎಂದೆ. ಅವಳು ಇನ್ನಷ್ಟು ಎಣ್ಣೆ ಸುರಿದುಕೊಂಡಳು.

ಆ ವಾರವೆಲ್ಲ ದಿನಕ್ಕೆರಡು ಸಲ ತಿಕ್ಕಿದಳಂತೆ. ಮತ್ತೆ ನಾನು ಹೋದಾಗ ಅವಳು ಮಗ್ಗದಲ್ಲಿದ್ದಳು, ಲಾಳಿ ಓಡುತ್ತಿತ್ತು. ಹುಡುಗ ಕೂಗಲು ಶುರು ಮಾಡಿದ. ಸ್ವರದ ಸಾಲಿಗೇ ತಮ್ಮ ಕಣ್ಣೆತ್ತಿದ. ‘ಆ’. ಆಮೇಲೆ ‘ಕಿ’. ಆಮೇಲೆ, ಅದೇ ಹಳೆಯ ಎರಡು ಅಕ್ಷರ. ಹುಡುಗ ಹಾಳೆ ನೋಡಿ ಗಟ್ಟಿಯಾಗಿ ಓದಿದ:

“ಆಕಿ ಕಾಲು.”

ಮಗ್ಗ ನಿಂತಿತು.

ನಿಂತದ್ದು ಎಳೆ ಹರಿದದ್ದರಿಂದಲ್ಲ. ನಾನು ಸ್ಟೂಲಿನ ಮೇಲೆಯೇ ಹಿಂದಿರುಗಿ ನೋಡಿದೆ. ಹೇಳಲು ನಾಚಿಕೆಯಾಗುತ್ತದೆ: ಮೂರು ವರ್ಷ ವಾರಕ್ಕೊಮ್ಮೆ ಆ ಸ್ಟೂಲಿನ ಮೇಲೆ ಕೂತಿದ್ದೆ, ನನ್ನ ಬೆನ್ನು ಯಾವಾಗಲೂ ಮಗ್ಗದ ಕಡೆಗೇ ಇತ್ತು. ಅವಳು ಎರಡೂ ಅಂಗೈಗಳನ್ನು ಕುಣಿಯ ಅಂಚಿಗೆ ಊರಿ ಮೈಯನ್ನು ಮೇಲೆತ್ತುತ್ತಿದ್ದಳು. ಒಂದು ಕಾಲು ಬಂತು. ಇನ್ನೊಂದನ್ನು ಕೈಯಿಂದ ಎತ್ತಿ ಹೊರಗಿಟ್ಟುಕೊಂಡಳು, ಬೇರೊಬ್ಬರ ಸಾಮಾನನ್ನು ಎತ್ತಿಟ್ಟಂತೆ. ಮೊಣಕಾಲಿಗೆ ಹಳೆಯ ಸೀರೆಯ ತುಂಡು ಸುತ್ತಿತ್ತು. ಬಟ್ಟೆಯ ಮೇಲೂ ಕೆಳಗೂ ಬಾವು ಕಾಣುತ್ತಿತ್ತು.

ಹುಡುಗ ಹಲಗೆ ಕೆಳಗಿಡಲು ಹೋದ. ತಮ್ಮನ ಕಣ್ಣು ಮೇಲೆಯೇ ನಿಂತಿದ್ದವು; ಇನ್ನೂ ಇದೆ ಎಂದು ಅದರ ಅರ್ಥ. ಮತ್ತೆ ಕೂಗಿದ. ‘ಸಾ’. ‘ಕು’.

ಮೊದಲು ಮಾತಾಡಿದವಳು ಅವಳೇ. ಗಂಡನ ಮಂಚದ ಕಡೆ ನೋಡಿ, ಬೈಯುವ ದನಿಯಲ್ಲಿ ಹೇಳಿದಳು:

“ಮೂರು ವರ್ಷಕ್ಕ ಒಂದು ಮಾತಾಡಿದ್ರಿ, ಅದೂ ನನ್ನ ಮೊಣಕಾಲಿನದ ಆಡ್ಬೇಕಿತ್ತೇನ್ರಿ? ಮಂದಿ ಕೇಳಿದ್ರ ಏನಂದಾರು?” ಹೇಳಿ ಮುಗಿಯುವ ಮೊದಲೇ ಮುಖಕ್ಕೆ ಸೆರಗು ಹೋಯಿತು.

“ಇಷ್ಟು ನೋವಿದ್ರ ಬಾಯಿಬಿಟ್ಟು ಯಾಕ ಹೇಳಲಿಲ್ಲವ್ವ?” ಎಂದು ಕೇಳಿದೆ.

“ಹೆಂಗ ಹೇಳ್ಲಿ ಭಾವಾರ? ಅವರ ಜೀವ ಈ ಸಪ್ಪಳದಾಗ ಐತಿ ಅಂದವರು ನೀವ. ನನ್ನ ಕಾಲು ನೋವಂತ ಅವರ ಜೀವ ನಿಲ್ಲಿಸ್ಲೇನು?”

ಕೇಳಲು ಇನ್ನೊಂದು ಉಳಿದಿತ್ತು. ಅದನ್ನು ಕೇಳದಿದ್ದರೂ ಆಗುತ್ತಿತ್ತು, ಆದರೆ ನನ್ನ ಚಟ ಬಿಡಲಿಲ್ಲ. ಎಳೆ ಹರಿಯುವ ಮುಂಚೆ ಏನಾಗುತ್ತಿತ್ತು ಎಂದು ಕೇಳಿದೆ.

“ಏನ್ ಆಗ್ತಿತ್ರಿ? ಕುಣಿಯಾಗ ಬಲಗಾಲ ಹಲಗಿ ತುಳಿಯೋ ಹೊತ್ತಿಗೆ ಮೊಣಕಾಲು ಝಳಕ್ ಅಂತಿತ್ತು. ‘ಯವ್ವಾ’ ಅಂತಿದ್ದೆ, ಸಣ್ಣಗ. ಕಾಲು ತಡ ಆತಂದ್ರ ಲಾಳಿ ಸಿಕ್ಕೊಂಡು ಎಳಿ ಹರೀತಿತ್ತು.”

ನಾಲ್ಕು ಮೊಳ ದೂರದ ಮಂಚಕ್ಕೆ ಆ ಸಣ್ಣ ದನಿ ಕೇಳುತ್ತಿತ್ತು. ನಡುವೆ ಕೂತಿದ್ದ ನನಗೆ ಕೇಳಲಿಲ್ಲ. ನಾನು ಮಗ್ಗಕ್ಕೆ ಕಿವಿ ಕೊಟ್ಟಿದ್ದೆ.

ಹುನಗುಂದಕ್ಕೆ ಮರಳಿದ ಮೇಲೆ ಆ ನೋಟುಬುಕ್ಕನ್ನು ಮೊದಲಿನಿಂದ ಓದಿದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ದಿನ ಸರಿ, ಹೊತ್ತು ಸರಿ, ಎಳೆ ಹರಿದದ್ದು ಸರಿ, ಕಣ್ಣು ಮುಚ್ಚಿದ್ದು ಸರಿ. ಅಮಾವಾಸ್ಯೆಯ ದಿನ ಅವನು ಮಲಗಿದ್ದೂ ಸರಿ. ಅವಳ ಕಾಲಿಗೆ ಸೂಟಿಯಿದ್ದ ಆ ಒಂದು ದಿನ ಅವನು ನೆಮ್ಮದಿಯಿಂದ ನಿದ್ದೆ ಮಾಡಿದ್ದ, ನಾನು ಅದನ್ನು ಬೇಸರ ಎಂದು ಬರೆದಿದ್ದೆ. ನೇಯುವವಳಿಗೆ ಒಂದು ಕಾಲಂ ಎಳೆಯುವುದು ನನಗೆ ಹೊಳೆದಿರಲಿಲ್ಲ. ದವಾಖಾನೆಯ ಮಾತನ್ನು ಸಂಶಯಿಸಿದೆ, ಓಣಿಯ ಮಾತನ್ನು ಸಂಶಯಿಸಿದೆ, ಪರದೇಶದ ಯಂತ್ರವನ್ನು ಸಂಶಯಿಸಿದೆ. ನನ್ನ ಕೈಬರಹವನ್ನು ಮಾತ್ರ ನಂಬಿದೆ. ಅವನ ಉತ್ತರ ಹುಡುಗ ಕೇಳಿದ ಮೊದಲ ದಿನವೇ ಬಂದಿತ್ತು. ಅದನ್ನು ಹಲ್ಲಿಗೆ ಕೊಟ್ಟವನು ನಾನು.

ಆ ಯಂತ್ರದ ಸುದ್ದಿ ಆಮೇಲೆಯೂ ಆಗಾಗ ಬರುತ್ತಿತ್ತು. ಈಗ ನಾನು ಅದನ್ನು ಸುಳ್ಳೆನ್ನುವುದಿಲ್ಲ. ಒಳಗಿನ ಕರೆಂಟನ್ನು ಅದು ಹಿಡಿಯಬಹುದು; ನಾನೂ ಹಿಡಿದಿದ್ದೆ, ಬರೀ ಕಣ್ಣಿನಿಂದ. ಹಿಡಿದವರು ಆಮೇಲೆ ಅವನನ್ನೇ ಮತ್ತೊಮ್ಮೆ ಕೇಳುತ್ತಾರೆಯೇ ಎಂಬುದೊಂದೇ ನನ್ನ ಪ್ರಶ್ನೆ. ಡಾಕ್ಟರು ನೂರು ಸಲ ಕೇಳುತ್ತಾರೆ ಎಂದಿದ್ದರು. ಹಾಗಿದ್ದರೆ ಅವರು ನನಗಿಂತ ಜಾಣರು.

ಹದಿನೈದು ದಿನಕ್ಕೆ ಕುಣಿ ಮುಚ್ಚಿದೆವು. ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದೆವು. ಕುಣಿಯ ತಳದಲ್ಲಿ ಇಬ್ಬರ ಪಾದಗಳು ಸವೆಸಿದ ಎರಡು ತಗ್ಗುಗಳಿದ್ದವು, ಅಪ್ಪನವು ಮತ್ತು ತಮ್ಮನವು, ಅವಳವೂ ಸೇರಿರಬೇಕು. ತಮ್ಮನ ಮಗ ಬುಟ್ಟಿಯಲ್ಲಿ ಮಣ್ಣು ತಂದು ಸುರಿದ, ನಾನು ದಿಮ್ಮಸು ಹಾಕಿದೆ. ಅವಳು ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ನೀರು ಎಲ್ಲಿ ಹೊಡೆಯಬೇಕೆಂದು ಹೇಳುತ್ತಿದ್ದಳು. “ಅಲ್ಲೆ ಒಂದ್ ತಂಬಿಗಿ ಹಾಕ್ರಿ ಭಾವಾರ. ಅರ್ಜಿ ಬರದಂಗಲ್ಲ ಇದು, ಗಟ್ಟಿ ಬಡೀಬೇಕು.”

ಕೆಲಸ ಮುಗಿದ ಮೇಲೆ ನಾನು ಹಲಗೆ ಹಿಡಿದು ತಮ್ಮನ ಮುಂದೆ ನಿಂತೆ. ಕುಣಿ ಮುಚ್ಚಿದ್ದರ ಬಗ್ಗೆ ಅವನು ಏನಾದರೂ ಹೇಳುತ್ತಾನೆ, ಅಪ್ಪನ ನೆನಪು ತೆಗೆಯುತ್ತಾನೆ ಎಂಬ ಆಸೆ ಇತ್ತು. ಹುಡುಗ ಕೈಕಾಲು ತೊಳೆಯಲು ಹೋಗಿದ್ದ. ಸಾಲುಗಳನ್ನು ನಾನೇ ಕೂಗಿದೆ. ಮಣ್ಣು ಬಡಿದ ದಣಿವಿಗೆ ದನಿ ಒಡೆಯುತ್ತಿತ್ತು, ನಡುವೆ ಎರಡು ಸಲ ಸಾಲು ತಪ್ಪಿದೆ. ಅವನು ತಾಳ್ಮೆಯಿಂದ ಕಣ್ಣು ಕೆಳಗಿಳಿಸಿ ಮತ್ತೆ ಮೊದಲಿನಿಂದ ಕೂಗಿಸಿದ. ಕೊನೆಗೆ ಹಾಳೆಯ ಮೇಲೆ ಬಂದದ್ದು ಇಷ್ಟು: ನೀ ಕೂಡು.

ಸ್ಟೂಲನ್ನು ಮಣ್ಣಿನ ಕೆಲಸಕ್ಕೆಂದು ಹೊರಗಿಟ್ಟಿದ್ದರು. ಹಲಗೆಯನ್ನು ಮಂಚಕ್ಕೆ ಆನಿಸಿ, ಆಗ ತಾನೇ ಬಡಿದ ನೆಲದ ಮೇಲೆ ಕೂತೆ. ಮಣ್ಣು ಇನ್ನೂ ಹಸಿಯಾಗಿತ್ತು. ಧೋತರದ ಮೂಲಕ ತಂಪು ಏರತೊಡಗಿತು.